ಹಳೆಯ ಯೆಜ್ಡಿಯ ಹಿಂಚಕ್ರದಲ್ಲಿ ಕಚ್ಚಿಕೊಂಡ ಆಕ್ಸಲ್ ಮತ್ತು ಬೇರಿಂಗ್

ಹೊಸದುರ್ಗದ ಗೆಳೆಯರಿಗೆ ನಮಸ್ಕಾರ. ತಂದೆಯವರ ಯೆಜ್ಡಿ ಬೈಕ್ ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ನಿಂತಿತ್ತು, ಈಗ ಹಿಂಚಕ್ರದ ಆಕ್ಸಲ್ ಅಲುಗುತ್ತಿಲ್ಲ, ದೊಡ್ಡ ಸುತ್ತಿಗೆಯಿಂದ ಹೊಡೆಯಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹೊಡೆಯಬೇಡಿ. ಈ ಬೈಕ್ ತಯಾರಾಗುತ್ತಿದ್ದ ಮೈಸೂರಿನ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತದ್ದು 1996ರಲ್ಲಿ. ಆಕ್ಸಲ್ ಹಾಳಾದರೆ ಲೇತ್‌ನಲ್ಲಿ ಹೊಸದು ಮಾಡಿಸಬಹುದು, ಆದರೆ ಅಲ್ಯುಮಿನಿಯಂ ಹಬ್ (ಚಕ್ರದ ನಡುವಿನ ಗುಂಬ) ಬಿರುಕು ಬಿಟ್ಟರೆ ಒಳ್ಳೆಯ ಇನ್ನೊಂದನ್ನು ಹುಡುಕುವುದು ಬಹಳ ಕಷ್ಟ.

ಮೊದಲು ಕಚ್ಚಿಕೊಂಡಿರುವುದು ಏನೆಂದು ತಿಳಿದುಕೊಳ್ಳಿ. ನಟ್ ಸಡಿಲಿಸಿ ಚಕ್ರ ತಿರುಗಿಸಿದಾಗ ಅದು ಸಲೀಸಾಗಿ ಸುತ್ತಿದರೆ ಬೇರಿಂಗ್ ಇನ್ನೂ ಜೀವಂತವಾಗಿದೆ, ಆಕ್ಸಲ್ ಮಾತ್ರ ಬೇರಿಂಗಿನ ಒಳಬಳೆಯಲ್ಲೋ ನಡುವಿನ ಸ್ಪೇಸರ್ ಕೊಳವೆಯಲ್ಲೋ ಹಿಡಿದುಕೊಂಡಿದೆ ಎಂದರ್ಥ. ಅಲ್ಲಿ ಉಕ್ಕಿಗೆ ಉಕ್ಕೇ ತಾಗಿದ್ದು, ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಆಕ್ರಮಿಸುವುದರಿಂದ ಸಂದು ಬಿಗಿದುಹೋಗಿರುತ್ತದೆ. ಹಬ್ ಕಾಯಿಸಿದರೆ ಇದಕ್ಕೆ ಹೆಚ್ಚು ಪ್ರಯೋಜನವಿಲ್ಲ. ಎಣ್ಣೆ ಮತ್ತು ತಾಳ್ಮೆಯೇ ಬೇಕು. ಗಾಡಿಯನ್ನು ಒಂದು ಮಗ್ಗುಲಿಗೆ ವಾಲಿಸಿಟ್ಟು, ತುಕ್ಕು ಬಿಡಿಸುವ ಎಣ್ಣೆಯನ್ನು ಬೆಳಿಗ್ಗೆ ಸಂಜೆ ಹನಿಸಿ, ಕೆಲವು ದಿನಗಳ ನಂತರ ಇನ್ನೊಂದು ಮಗ್ಗುಲಿನಿಂದಲೂ ಹನಿಸಿ. ಬ್ರೇಕ್ ಡ್ರಮ್ಮಿಗೆ ಎಣ್ಣೆ ಇಳಿದಿದ್ದರೆ ಮರುಜೋಡಣೆಗೆ ಮುಂಚೆ ಅದನ್ನು ಚೆನ್ನಾಗಿ ತೊಳೆಯಲೇಬೇಕು, ಲೈನರ್ ಎಣ್ಣೆ ಕುಡಿದಿದ್ದರೆ ಬದಲಿಸಬೇಕು. ಆಮೇಲೆ ಆಕ್ಸಲ್ಲನ್ನು ಎಳೆಯುವ ಬದಲು, ಅದರ ತಲೆಯನ್ನು ಸ್ಪ್ಯಾನರಿನಿಂದ ಕೂದಲೆಳೆಯಷ್ಟು ಅತ್ತ ಇತ್ತ ತಿರುಗಿಸಿ. ಕೆಂಪು ಕೆಸರಿನಂಥ ತುಕ್ಕು ಎಣ್ಣೆಯೊಡನೆ ಹೊರಗೆ ಒಸರತೊಡಗಿದರೆ ಕೆಲಸ ಆಗುತ್ತಿದೆ ಎಂದೇ ತಿಳಿಯಿರಿ. ಬಡಿಯಲೇಬೇಕಾದರೆ ನಟ್ಟನ್ನು ಆಕ್ಸಲ್ ತುದಿಗೆ ಸಮನಾಗಿ ತಿರುಗಿಸಿಟ್ಟು, ನಡುವೆ ಹಿತ್ತಾಳೆಯ ತುಂಡು ಇಟ್ಟು ಹಗುರಾಗಿ ತಟ್ಟಿ. ತುದಿ ಅಣಬೆಯಂತೆ ಅರಳಿದರೆ ಅದು ರಂಧ್ರದಲ್ಲಿ ಹಾಯುವುದೇ ಇಲ್ಲ. ಇಷ್ಟಕ್ಕೂ ಬಗ್ಗದಿದ್ದರೆ ಹಬ್ಬಿಗೂ ಹಿಂಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿಗೂ ನಡುವಿನ ಸಂದಿಯಲ್ಲಿ ಹ್ಯಾಕ್ಸಾ ಬ್ಲೇಡ್ ತೂರಿಸಿ ಆಕ್ಸಲ್ಲನ್ನೇ ಕತ್ತರಿಸುವುದು ಮೇಲು.

ಬೇರಿಂಗ್ ವಿಷಯ ಬೇರೆ. ಅದು ಕೂತಿರುವುದು ಅಲ್ಯುಮಿನಿಯಂನಲ್ಲಿ. ಶಾಖಕ್ಕೆ ಅಲ್ಯುಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. 40 ಮಿ.ಮೀ. ಹೊರವ್ಯಾಸದ ಬೇರಿಂಗ್ ಎಂದುಕೊಂಡರೆ, ಶಾಖ 80 ಡಿಗ್ರಿ ಏರಿದಾಗ ಸಿಗುವ ಸಡಿಲ ಸುಮಾರು 0.035 ಮಿ.ಮೀ. ಮಾತ್ರ, ಆದರೆ ಅಷ್ಟೇ ಸಾಕು. ಟೈರು, ಟ್ಯೂಬು, ಸೀಲು, ಸರ್ಕ್ಲಿಪ್ (ಬೇರಿಂಗ್ ಜಾರದಂತೆ ಹಿಡಿಯುವ ಉಂಗುರ) ತೆಗೆದು, ಹಚ್ಚಿದ್ದ ಎಣ್ಣೆಯನ್ನೆಲ್ಲ ಒರೆಸಿ, ಹೀಟ್ ಗನ್ನಿನಿಂದ ಹಬ್ಬನ್ನು ಸುತ್ತಲೂ ಸಮನಾಗಿ ಕಾಯಿಸಿ. ನೀರಿನ ಹನಿ ಬಿದ್ದೊಡನೆ ಚುಂಯ್ ಎಂದರೆ ಸಾಕು. ಗ್ಯಾಸ್ ವೆಲ್ಡಿಂಗ್ ಜ್ವಾಲೆ ಖಂಡಿತ ಬೇಡ, ಏಕೆಂದರೆ ಅಲ್ಯುಮಿನಿಯಂ ಕಬ್ಬಿಣದಂತೆ ಕೆಂಪಾಗಿ ಎಚ್ಚರಿಸದೆ ಒಮ್ಮೆಲೇ ಕುಸಿಯುತ್ತದೆ. ನಂತರ ಸ್ಪೇಸರನ್ನು ಒಂದು ಬದಿಗೆ ಸರಿಸಿ, ಎದುರು ಭಾಗದಿಂದ ಉದ್ದನೆಯ ಸರಳು ಇಳಿಸಿ, ಒಳಬಳೆಯ ಸುತ್ತ ಜಾಗ ಬದಲಿಸುತ್ತ ತಟ್ಟಿ. ಹೀಗೆ ತೆಗೆದ ಬೇರಿಂಗನ್ನು ಮತ್ತೆ ಬಳಸಬೇಡಿ. ಹೊಸದನ್ನು ಕೂರಿಸುವಾಗ ಹೊರಬಳೆಯನ್ನು ಮಾತ್ರ ಒತ್ತಬೇಕು.

ಹಳೆಯ ಬ್ರೇಕ್ ಲೈನರಿನ ಧೂಳಿನಲ್ಲಿ ಉಸಿರಿಗೆ ಹಾನಿಕರವಾದ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಗಾಳಿ ಹೊಡೆಯದೆ ಒದ್ದೆ ಬಟ್ಟೆಯಿಂದ ಒರೆಸಿ.

ಸರಳಿಗೆ ಬೇರಿಂಗಿನ ಅಂಚು ಸಿಗದಿದ್ದರೆ ಲೇತ್ ಅಂಗಡಿಯಲ್ಲಿ ಪುಲ್ಲರ್ (ಬೇರಿಂಗ್ ಎಳೆದು ತೆಗೆಯುವ ಸಾಧನ) ಮಾಡಿಸಿ. ಮೈಸೂರು ಕಿರ್ಲೋಸ್ಕರ್ ಕಂಪನಿ ಹರಿಹರದಲ್ಲಿ ಲೇತ್‌ಗಳನ್ನೇ ತಯಾರಿಸುತ್ತಿದ್ದುದರಿಂದ ನಮ್ಮ ದಾವಣಗೆರೆ, ಹರಿಹರದ ಕಡೆ ಆ ಕೆಲಸ ಬಲ್ಲ ಕೈಗಳಿಗೆ ಕೊರತೆಯಿಲ್ಲ. ಹೋಗುವಾಗ ಹಬ್ಬನ್ನೇ ತೆಗೆದುಕೊಂಡು ಹೋಗಿ, ಬರೀ ಅಳತೆ ಬರೆದುಕೊಂಡು ಹೋಗಬೇಡಿ.