ಲಕೋಟೆ ತೆರೆದು ಓದುವ ಕಾದಂಬರಿ

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ನಾವು ಪರಿಚಯಿಸಿದ ಚಿತ್ರಕಾರ-ಲೇಖಕ ನಿಕ್ ಬ್ಯಾಂಟಾಕ್ ಅವರ ಪತ್ರರೂಪದ ಇಂಗ್ಲಿಷ್ ಕಾದಂಬರಿ ‘ಗ್ರಿಫಿನ್ ಅಂಡ್ ಸಬೀನ್’ (1991) ಕುರಿತು ತಾವು ಬರೆದ ಪತ್ರ ತಲುಪಿದೆ. ಕತೆಯಲ್ಲಿ ಸತ್ವವಿದ್ದರೆ ಅಕ್ಷರವೇ ಸಾಕು, ಪುಟಕ್ಕೆ ಅಂಟಿಸಿದ ಲಕೋಟೆಗಳೂ ಬಣ್ಣದ ಕಾರ್ಡುಗಳೂ ಮಕ್ಕಳ ಆಟಿಕೆಯಂತೆ ಎಂಬುದು ತಮ್ಮ ಆಕ್ಷೇಪ. ಪತ್ರಗಳ ಒಕ್ಕಣೆಯನ್ನಷ್ಟೇ ಕನ್ನಡಿಸಿ ಏಕೆ ಪ್ರಕಟಿಸಬಾರದು ಎಂಬುದು ಸಲಹೆ.

ಪತ್ರರೂಪದ ಕಾದಂಬರಿ ಹೊಸದಲ್ಲ. 1740ರಲ್ಲೇ ಇಂಗ್ಲಿಷ್ ಕಾದಂಬರಿಕಾರ ಸ್ಯಾಮ್ಯುಯೆಲ್ ರಿಚರ್ಡ್‌ಸನ್ ತಮ್ಮ ‘ಪಮೆಲಾ’ವನ್ನು ಪತ್ರಗಳಲ್ಲಿ ಹೇಳಿದ್ದರು. ಆದರೆ ಅಲ್ಲಿ ಅಚ್ಚಿನ ಸಾಲುಗಳನ್ನೇ ಪತ್ರವೆಂದು ನಾವು ಭಾವಿಸಿಕೊಳ್ಳಬೇಕು. ಬ್ಯಾಂಟಾಕ್ ಪತ್ರವನ್ನೇ ಕೈಗಿಡುತ್ತಾರೆ. ಲಂಡನ್ನಿನಲ್ಲಿ ಕಾರ್ಡುಗಳ ಚಿತ್ರ ಬರೆಯುವ ಗ್ರಿಫಿನ್‌ಗೆ ದಕ್ಷಿಣ ಪೆಸಿಫಿಕ್ಕಿನ ಒಂದು ಕಲ್ಪಿತ ದ್ವೀಪದಿಂದ, ಅಂಚೆಚೀಟಿಗಳನ್ನು ರಚಿಸುವ ಸಬೀನ್ ಎಂಬ ಅಪರಿಚಿತೆಯ ಕಾರ್ಡು ಬರುತ್ತದೆ. ಒಂದು ಪುಟದಲ್ಲಿ ಚಿತ್ರ. ಹಾಳೆ ಮಗುಚಿದರೆ ಅದರ ಬೆನ್ನಿಗೇ ಅಂಚೆಚೀಟಿ, ಮುದ್ರೆ, ಕೈಬರಹ. ನಿನ್ನ ಮೀನಿನ ಚಿತ್ರದಲ್ಲಿ ಬಟ್ಟಲಿಗಿಂತ ವೈನ್ ಲೋಟವೇ ಚೆನ್ನ ಎಂದು ಆಕೆ ಬರೆದಿದ್ದಾಳೆ. ಬಟ್ಟಲನ್ನು ಬದಲಿಸಿದ್ದು ಅವನೊಬ್ಬನಿಗೇ ಗೊತ್ತಿದ್ದ ಸಂಗತಿ!

ಮೊದಮೊದಲು ಕಾರ್ಡುಗಳಲ್ಲಿದ್ದ ಮಾತು ಆಪ್ತವಾಗುತ್ತ ಲಕೋಟೆಯೊಳಕ್ಕೆ ಸರಿಯುತ್ತದೆ. ಕಾರ್ಡನ್ನು ಅಂಚೆಯಣ್ಣನೂ ಓದಬಹುದು, ಲಕೋಟೆ ಹಾಗಲ್ಲ. ಇನ್‌ಲ್ಯಾಂಡ್ ಪತ್ರದ ಅಂಚನ್ನು ಅಕ್ಷರ ಹರಿಯದಂತೆ ಬಿಡಿಸಿ ಅಭ್ಯಾಸವಿರುವ ನಮ್ಮ ತಲೆಮಾರಿನವರಿಗೆ ಈ ಭೇದವನ್ನು ವಿವರಿಸಬೇಕಿಲ್ಲ. ಮಡಿಸಿಟ್ಟ ಹಾಳೆಯನ್ನು ನಾವೇ ಹೊರಗೆಳೆದು ಬಿಡಿಸುವಾಗ, ಪರರ ಪತ್ರಕ್ಕೆ ಕೈಹಾಕಿದ ಅಳುಕು ಕತೆಯ ಭಾಗವೇ ಆಗಿಬಿಡುತ್ತದೆ.

ಇನ್ನೂ ಮುಖ್ಯವಾದದ್ದು ಬೇರೆಯಿದೆ. ಕೊನೆಗೆ ಗ್ರಿಫಿನ್‌ಗೆ, ಸಬೀನ್ ತನ್ನ ಒಂಟಿತನವೇ ಹುಟ್ಟಿಸಿದ ಕಲ್ಪನೆಯೇ ಎಂಬ ಭಯ ಹಿಡಿಯುತ್ತದೆ. ಬರೀ ಅಕ್ಷರದಲ್ಲಿ ಓದಿದವರು ಇದನ್ನು ಸುಲಭವಾಗಿ ನಂಬಿಬಿಡುತ್ತಾರೆ. ಆದರೆ ಆಕೆಯ ಅಂಚೆಚೀಟಿಯನ್ನು ಕಂಡು, ಆಕೆಯ ಕಾಗದವನ್ನು ಬೆರಳಲ್ಲಿ ಹಿಡಿದ ಓದುಗ ಅಷ್ಟು ಬೇಗ ಒಪ್ಪಲಾರ. ಅದೇ ಹೊತ್ತಿಗೆ, ಇಬ್ಬರ ಚಿತ್ರಗಳನ್ನೂ ಬರೆದದ್ದು ಬ್ಯಾಂಟಾಕ್ ಒಬ್ಬರದೇ ಕೈ ಎಂಬ ಅರಿವು ಗ್ರಿಫಿನ್ನನ ಭಯಕ್ಕೆ ಬಲ ಕೊಡುತ್ತದೆ. ಈ ತೊಳಲಾಟಕ್ಕಾಗಿಯೇ ನಾನು ಈ ಪುಸ್ತಕವನ್ನು ಮತ್ತೆ ಮತ್ತೆ ಕೈಗೆತ್ತಿಕೊಂಡಿದ್ದೇನೆ.

ಒಕ್ಕಣೆಯನ್ನಷ್ಟೇ ಬೇರ್ಪಡಿಸಿದರೆ ಅದು ಕೆಲವೆಡೆ ತೆಳುವೆನಿಸುತ್ತದೆ ಎಂಬುದನ್ನು ಒಪ್ಪುತ್ತೇನೆ. ಅದನ್ನಷ್ಟೇ ಪ್ರಕಟಿಸಲು ನಾನು ಹಿಂಜರಿಯುವುದೂ ಇದೇ ಕಾರಣಕ್ಕೆ. ಲಕೋಟೆಗಳನ್ನು ಅಂಟಿಸುವ ಖರ್ಚಿಗೂ ಶ್ರಮಕ್ಕೂ ಸಿದ್ಧರಾದ ಕನ್ನಡದ ಪ್ರಕಾಶಕರು ಯಾರಾದರೂ ಮುಂದೆ ಬಂದರೆ, ಅನುವಾದದ ಕರಡನ್ನು ತಿದ್ದಿಕೊಡಲು ನಾನು ಸಂತೋಷದಿಂದ ಒಪ್ಪುತ್ತೇನೆ.

— ಸಂಪಾದಕ