ಸೆಕ್ರೆಟರಿಗಳ ನೋಟ್‌ಬುಕ್ಕು: ಒಂದು ಆಪ್ತಸಲಹೆ ಪ್ರಕರಣ

ಈ ಕೇಸ್ ಬಗ್ಗೆ ಬರೀಲಾ ಅಂತ ಅವರನ್ನೇ ಕೇಳಿದ್ದೆ. "ಬರೀರಿ ಮೇಡಮ್, ಹೆಸರು ಊರು ಬೇಡ, ಆದ್ರೆ ಲೆಕ್ಕ ತಪ್ಪಬಾರದು" ಅಂದ್ರು. ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ. ಅವರನ್ನ ಸೆಕ್ರೆಟರಿ ಅಂತ್ಲೇ ಕರೀತೀನಿ, ಯಾಕಂದ್ರೆ ರಿಟೈರ್ ಆಗಿ ಮೂರು ವರ್ಷ ಆದ್ರೂ ಊರಲ್ಲಿ ಎಲ್ಲರೂ ಹಾಗೇ ಕರೆಯೋದು. ಮಧ್ಯ ಕರ್ನಾಟಕದ ಒಂದು ಹಳ್ಳಿ, ಅಲ್ಲಿನ ವ್ಯವಸಾಯ ಸೇವಾ ಸಹಕಾರ ಸಂಘದಲ್ಲಿ, ಅಂದ್ರೆ ಜನ ಸೊಸೈಟಿ ಅಂತಾರಲ್ಲ ಅದ್ರಲ್ಲಿ, 31 ವರ್ಷ ಕೆಲಸ. ವಯಸ್ಸು 63. ಸಂಬಳ ಯಾವಾಗ್ಲೂ ಕಮ್ಮಿ, ಪಿಂಚಣಿ ಇಲ್ಲ.

2025ರ ಏಪ್ರಿಲ್‌ನಲ್ಲಿ ಮೊದಲು ಬಂದಿದ್ದು ಅವರ ಹೆಂಡತಿ, ಒಬ್ಬರೇ. ಬಂದು ಕೂತು ಸುಮಾರು ಹೊತ್ತು ಸೆರಗಿನ ತುದಿ ಸುತ್ತುತ್ತಾ ಇದ್ರು. "ನಮ್ಮನೆಯವರು ಕುಡಿಯಲ್ಲ ಮೇಡಮ್, ಇಸ್ಪೀಟ್ ಆಡಲ್ಲ, ಒಂದಿನ ನನ್ನ ಮೇಲೆ ಕೈ ಎತ್ತಿಲ್ಲ, ಆದ್ರೆ ಟಿವಿಯಲ್ಲಿ ನ್ಯೂಸ್ ಹಚ್ಚಿದ್ರೆ ಬೇರೆ ಮನುಷ್ಯ ಆಗ್ತಾರೆ" ಅಂದ್ರು. ಸಂಜೆ ಏಳಕ್ಕೆ ಶುರು ಆದ್ರೆ ಹನ್ನೊಂದರ ತನಕ, ಒಂದು ಚಾನೆಲ್‌ನಲ್ಲಿ ಆ್ಯಡ್ ಬಂದ್ರೆ ಇನ್ನೊಂದು, ಅಲ್ಲಿ ಕಿರುಚ್ತಾ ಇರೋರ ಜೊತೆ ಇವರೂ ಕಿರುಚೋದು. ಆಮೇಲೆ ಎರಡು ಗಂಟೆ ತನಕ ನಿದ್ದೆ ಇಲ್ಲ, ಫೋನಲ್ಲಿ ಫಾರ್ವರ್ಡ್ ಮಾಡ್ತಾ ಕೂರೋದು. ಬೆಂಗಳೂರಲ್ಲಿರೋ ಮಗ ಫ್ಯಾಮಿಲಿ ಗ್ರೂಪಿಂದ ಎಕ್ಸಿಟ್ ಆಗಿದಾನೆ, ಸೊಸೆ ಮೊಮ್ಮಗನ್ನ ಕರ್ಕೊಂಡು ಬರೋದು ಕಡಿಮೆ ಮಾಡಿದಾಳೆ. ಬಿಪಿ 170 ಮುಟ್ಟಿದೆ.

ಇಷ್ಟಾದ್ರೂ ಅವರು ಬಂದಿದ್ದು ಇದಕ್ಕಲ್ಲ. ಹಿಂದಿನ ವಾರ ಊಟಕ್ಕೆ ಕೂತಾಗ ಟಿವಿಯಲ್ಲಿ ಗ್ಯಾರಂಟಿ ಬಗ್ಗೆ ಚರ್ಚೆ ನಡೀತಿತ್ತಂತೆ, ಇವರು ತಟ್ಟೆ ತಳ್ಳಿ ಹೆಂಡತಿ ಕಡೆ ತಿರುಗಿ "ನಿಮ್ಮಂಥ ಬಿಟ್ಟಿ ದುಡ್ಡಿನೋರಿಂದ್ಲೇ ರಾಜ್ಯ ಮುಳುಗ್ತಾ ಇರೋದು" ಅಂದ್ರಂತೆ. ಆಯಮ್ಮನಿಗೆ ಗೃಹಲಕ್ಷ್ಮಿ ಎರಡು ಸಾವಿರ ಬರುತ್ತೆ, ಕೆಲವು ಸಲ ತಿಂಗಳುಗಟ್ಟಲೆ ತಡ ಆಗಿ ಬರುತ್ತೆ, ಬಂದಾಗ ಆ ದುಡ್ಡಲ್ಲೇ ಗಂಡನ ಬಿಪಿ ಮಾತ್ರೆ ತರ್ತಾರೆ. ಅದನ್ನ ಹೇಳಿ ಅತ್ತುಬಿಟ್ರು. "ಮದುವೆಯಾಗಿ 34 ವರ್ಷ ಮೇಡಮ್, ನನ್ನ ಹೆಸರಿಗೆ ಅಂತ ಬಂದ ಮೊದಲ್ನೇ ದುಡ್ಡು ಅದು."

ಮುಂದಿನ ವಾರ ಸೆಕ್ರೆಟರಿಗಳೇ ಬಂದ್ರು, ಒಗೆದು ಇಸ್ತ್ರಿ ಮಾಡಿದ ಬಿಳಿ ಷರ್ಟು, ಜೇಬಲ್ಲಿ ಎರಡು ಪೆನ್ನು. ಅವತ್ತು ನಾನು ಒಂದು ತಪ್ಪು ಮಾಡಿದೆ, ಅದನ್ನ ಇಲ್ಲಿ ಹೇಳಲೇಬೇಕು, ಈ ಕೆಲಸಕ್ಕೆ ಹೊಸದಾಗಿ ಬರೋರು ಓದಲಿ ಅಂತ. ಹತ್ತು ನಿಮಿಷ ಕೇಳಿ "ಸರ್, ಸ್ವಲ್ಪ ದಿನ ನ್ಯೂಸ್ ನೋಡೋದು ಬಿಟ್ಟುಬಿಡಿ, ನೆಗೆಟಿವ್ ವಿಷಯದಿಂದ ದೂರ ಇರಿ" ಅಂದೆ. ಅವರ ಮುಖ ಕಲ್ಲಾಯ್ತು. "ಅಂದ್ರೆ ಅವರು ಏನಾದ್ರೂ ಮಾಡ್ಕೊಳ್ಲಿ ನಾನು ಬಾಯಿ ಮುಚ್ಕೊಂಡಿರ್ಬೇಕು, ನೀವೂ ಅದನ್ನೇ ಹೇಳೋದು" ಅಂತ ಎದ್ದು ಹೋದ್ರು. ಒಬ್ಬ ನಾಗರಿಕನ ಸಿಟ್ಟನ್ನ ಕಾಯಿಲೆ ಥರ ನೋಡಿದೆನಲ್ಲ ಅಂತ ರಾತ್ರಿಯೆಲ್ಲಾ ನಂಗೆ ಸಮಾಧಾನ ಇರಲಿಲ್ಲ. ಬೆಳಿಗ್ಗೆ ನಾನೇ ಫೋನ್ ಮಾಡಿ ಕ್ಷಮೆ ಕೇಳ್ದೆ, ನೀವು ಏನೋ ಬರೆದಿಟ್ಕೊಳ್ತೀರಂತಲ್ಲ ಅದನ್ನ ತನ್ನಿ, ಓದ್ತೀನಿ ಅಂದೆ.

ತಂದ್ರು. 200 ಪುಟದ ಲಾಂಗ್ ನೋಟ್‌ಬುಕ್, ಸೊಸೈಟಿ ಲೆಡ್ಜರ್ ಥರ ಕೆಂಪು ಗೆರೆ ಹಾಕಿ ಜಮಾ ಖರ್ಚು ಬರೆದಿದ್ರು. 2025ರ ಮಾರ್ಚ್ ಪುಟದಲ್ಲಿ ಹೀಗಿತ್ತು: ಶಾಸಕರ ಮೂಲ ಸಂಬಳ 40 ಸಾವಿರದಿಂದ 80 ಸಾವಿರ, ಮುಖ್ಯಮಂತ್ರಿಗಳದ್ದು 75 ಸಾವಿರದಿಂದ ಒಂದೂವರೆ ಲಕ್ಷ, ವಿಧಾನಸಭೆಯಲ್ಲಿ ಹನಿಟ್ರ್ಯಾಪ್ ಗದ್ದಲ ನಡೀತಾ ಇರುವಾಗ್ಲೇ ಚರ್ಚೆ ಇಲ್ಲದೆ ಪಾಸ್, ಅದೇ ದಿನ 18 ಬಿಜೆಪಿ ಶಾಸಕರು ಆರು ತಿಂಗಳು ಸಸ್ಪೆಂಡ್. ಪಕ್ಕದಲ್ಲಿ ಬೇರೆ ಬೇರೆ ತಾರೀಖು ಹಾಕಿ ಬಸ್ ಟಿಕೆಟ್ 15 ಪರ್ಸೆಂಟ್ ಏರಿಕೆ, ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿಕೆ. ಹಿಂದಕ್ಕೆ ತಿರುವಿದ್ರೆ 2019ರ ಜುಲೈ, ಶಾಸಕರು ಮುಂಬೈ ಹೋಟೆಲಲ್ಲಿ, 23ನೇ ತಾರೀಖು ವಿಶ್ವಾಸಮತ 99ಕ್ಕೆ 105, ಸರ್ಕಾರ ಬಿತ್ತು. ಯಾವ ಪಕ್ಷಾನೂ ಬಿಟ್ಟಿರಲಿಲ್ಲ, ಎಲ್ಲರ ಲೆಕ್ಕಾನೂ ಇತ್ತು.

ನಾನು ಒಂದೊಂದೇ ಪುಟ ಓದಿ "ಸರ್, ಇದ್ರಲ್ಲಿ ಸುಳ್ಳು ಒಂದೂ ಇಲ್ಲ" ಅಂದೆ. ಅಷ್ಟಕ್ಕೇ ಅವರ ಕಣ್ಣಲ್ಲಿ ನೀರು ಬಂತು. ಯಾರಿಗಾದ್ರೂ ತೋರಿಸಿದೀರಾ ಅಂದೆ. ಯಾರೂ ಕೇಳಿಲ್ಲ ಅಂದ್ರು. ಅಲ್ಲಿಂದ ನಮ್ಮ ಮಾತುಕತೆ ಸರಿಯಾಗಿ ಶುರು ಆಯ್ತು.

ಅವರಿಗೆ ಹೇಳಿದ ಮೊದಲ್ನೇ ವಿಷಯ, ಸಿಟ್ಟು ಬೇರೆ, ಟಿವಿ ಆ ಸಿಟ್ಟನ್ನ ಬಳಸ್ಕೊಳ್ಳೋದು ಬೇರೆ. ಹೊಲದಲ್ಲಿ ಹಾವು ಕಂಡ್ರೆ ಮೈ ಹೆಂಗೆ ಸಜ್ಜಾಗುತ್ತೆ, ಎದೆ ಹೊಡ್ಕೊಳ್ಳುತ್ತೆ, ಕೈಕಾಲು ಬಿಗಿಯಾಗುತ್ತೆ, ಒಂದೋ ಓಡ್ತೀವಿ ಇಲ್ಲಾ ಕೋಲು ತಗೋತೀವಿ, ಆಮೇಲೆ ಮೈ ತಣ್ಣಗಾಗುತ್ತೆ. ಟಿವಿ ಚರ್ಚೇಲಿ ಏಳರಿಂದ ಹನ್ನೊಂದರ ತನಕ ನಾಲ್ಕು ಗಂಟೆ ಹೊತ್ತು ಹಾವೇ ಹಾವು, ಓಡೋ ಹಾಗೂ ಇಲ್ಲ ಹೊಡೆಯೋ ಹಾಗೂ ಇಲ್ಲ, ಮೈಯಂತೂ ಸಜ್ಜಾಗೇ ನಿಂತಿರುತ್ತೆ. ಕೊನೆಗೆ ಕೈಗೆ ಸಿಗೋದು ಪಕ್ಕದಲ್ಲಿ ಕೂತಿರೋ ಹೆಂಡತಿ. ಇದನ್ನ ಹೇಳಿದಾಗ ಸುಮ್ಮನೆ ತಲೆ ತಗ್ಗಿಸಿದ್ರು.

ಎರಡನೇದು ಟಿಆರ್‌ಪಿ ಬಗ್ಗೆ, ಅವರು ಲೆಕ್ಕದ ಮನುಷ್ಯ ಅಂತ ಅವರ ಭಾಷೇಲೇ ಹೇಳ್ದೆ. ಯಾವ ಚಾನೆಲ್ ಎಷ್ಟು ಜನ ನೋಡಿದ್ರು ಅನ್ನೋದನ್ನ ಬಾರ್ಕ್ ಅನ್ನೋ ಸಂಸ್ಥೆ ದೇಶದಲ್ಲಿ 50 ಸಾವಿರ ಚಿಲ್ಲರೆ ಮನೆಗಳಲ್ಲಿ ಮೀಟರ್ ಇಟ್ಟು ಅಳೆಯುತ್ತೆ, ಪ್ರತಿ ಗುರುವಾರ ರೇಟಿಂಗ್ ಬರುತ್ತೆ, ಅದನ್ನ ನೋಡ್ಕೊಂಡು ಆ್ಯಡ್ ರೇಟು. ಬಜೆಟ್ ಪುಸ್ತಕ ಬಿಡಿಸಿ ಓದೋಕೆ ಟೈಮ್ ಬೇಕು, ಓದಿರೋ ರಿಪೋರ್ಟರ್ ಬೇಕು, ಅದಕ್ಕೆ ಖರ್ಚಿದೆ. ನಾಲ್ಕು ಜನರನ್ನ ಕೂರಿಸಿ ಕಿತ್ತಾಡಿಸೋದು ಅಗ್ಗ. ಹಳ್ಳಿ ಕಡೆ ದುಡಿಯೋ ಎಷ್ಟೋ ಒಳ್ಳೇ ವರದಿಗಾರರು ನನಗೂ ಗೊತ್ತು, ಅವರ ಸುದ್ದಿ ಮೂವತ್ತು ಸೆಕೆಂಡಲ್ಲಿ ಹೋಗಿಬಿಡುತ್ತೆ ಅನ್ನೋದು ನನ್ನ ನೋವು ಕೂಡ. ಸೆಕ್ರೆಟರಿಗಳು ತುಂಬಾ ಹೊತ್ತು ಯೋಚಿಸಿ "ನಮ್ಮನೇಲಿ ಆ ಮೀಟರ್ ಇಲ್ಲ. ಅಂದ್ರೆ ಇಷ್ಟು ವರ್ಷ ನಾನು ಕಿರುಚಿದ್ದು ಯಾವ ಲೆಕ್ಕಕ್ಕೂ ಜಮಾ ಆಗಿಲ್ಲ" ಅಂದ್ರು.

ಹೆಂಡತಿ ವಿಷಯಕ್ಕೆ ಬಂದಾಗ ಮಾತ್ರ ಬಗ್ಗಲಿಲ್ಲ. ಸರಿ, ಗ್ಯಾರಂಟಿಗೆ ಬಜೆಟ್‌ನಲ್ಲಿ ಎಷ್ಟು ಪಾಲು ಅಂತ ನೀವೇ ಲೆಕ್ಕ ಹಾಕಿ ಅಂದೆ. 2025-26ರ ಬಜೆಟ್ ಗಾತ್ರ 4,09,549 ಕೋಟಿ, ಐದು ಗ್ಯಾರಂಟಿಗೆ 51,034 ಕೋಟಿ. ಎರಡೂ ಅಂಕಿ ನೋಟ್‌ಬುಕ್ಕಲ್ಲೇ ಇತ್ತು ಆದ್ರೆ ಬೇರೆ ಬೇರೆ ಪುಟದಲ್ಲಿ. ಭಾಗಿಸಿ "ನೂರಕ್ಕೆ ಹನ್ನೆರಡೂವರೆ" ಅಂದ್ರು, ತಕ್ಷಣ "ಅದೇನು ಕಮ್ಮಿನಾ ಮೇಡಮ್, ಸಾಲ ತಂದು ನಡೆಸೋ ಸರ್ಕಾರಕ್ಕೆ" ಅಂತಾನೂ ಅಂದ್ರು. ಅದು ಕಮ್ಮಿನೋ ಜಾಸ್ತಿನೋ ಅಂತ ವಾದ ಮಾಡೋ ಹಕ್ಕು ನಿಮಗೆ ಪೂರ್ತಿ ಇದೆ ಸರ್, ವೋಟಿನ ದಿನ ಮಾಡಿ, ಶಾಸಕರ ಮುಂದೆ ಮಾಡಿ, ಆದ್ರೆ ಆ 51 ಸಾವಿರ ಕೋಟಿಗೆ ಸಹಿ ಹಾಕಿದ್ದು ನಿಮ್ಮ ಮನೆಯಾಕೆ ಅಲ್ಲ ಅಂದೆ. ಅವರ ದುಡ್ಡಿನ ಬಗ್ಗೆ ಮನೇಲಿ ಇನ್ನು ಒಂದು ಮಾತೂ ಬೇಡ, ಇದು ಸಲಹೆ ಅಲ್ಲ, ನಾನು ಹಾಕ್ತಿರೋ ಷರತ್ತು ಅಂದೆ. ಇಷ್ಟು ಖಡಕ್ಕಾಗಿ ನಾನು ಸಾಮಾನ್ಯವಾಗಿ ಮಾತಾಡಲ್ಲ, ಅವತ್ತು ಬೇಕಿತ್ತು ಅನ್ನಿಸ್ತು.

ನಾಲ್ಕನೇ ಸಿಟ್ಟಿಂಗಲ್ಲಿ ಒಂದು ಗಮನಿಸಿದೆ. ನೋಟ್‌ಬುಕ್ ಶುರು ಆಗಿದ್ದೇ 2017ರ ಜೂನ್‌ನಲ್ಲಿ, ಮೊದಲ ಪುಟದಲ್ಲಿ ಒಂದೇ ಸಾಲು, "ಸಾಲಮನ್ನಾ 8,165 ಕೋಟಿ", ಅದರ ಕೆಳಗೆ ಖಾಲಿ. ಇದ್ಯಾಕೆ ಸರ್ ಖಾಲಿ ಬಿಟ್ಟಿದೀರಿ ಅಂದೆ. ಕನ್ನಡಕ ತೆಗೆದು ಒರೆಸಿದ್ರು, ಹಾಕ್ಕೊಂಡ್ರು, ಮತ್ತೆ ತೆಗೆದ್ರು.

ಆ ವರ್ಷ ಸಹಕಾರ ಸಂಘದ ಬೆಳೆಸಾಲ 50 ಸಾವಿರದ ತನಕ ಮನ್ನಾ ಆಯ್ತು, ಜೂನ್ 20ಕ್ಕೆ ಬಾಕಿ ಇದ್ದೋರಿಗೆ. ಅದಕ್ಕೆ ಹತ್ತು ದಿನ ಮುಂಚೆ ಒಬ್ಬ ಸಣ್ಣ ರೈತ, ಎರಡೆಕರೆ ಜಮೀನು, 45 ಸಾವಿರ ಸಾಲ, ಡ್ಯೂ ಡೇಟ್ ಹತ್ರ ಬಂದಿತ್ತು. ಮನ್ನಾ ಆಗ್ಬೋದು ಅಂತಾರೆ, ಸ್ವಲ್ಪ ತಡೀಲಾ ಸೆಕ್ರೆಟ್ರಿ ಅಂತ ಕೇಳಿದ್ನಂತೆ. ಇವರು "ಮನ್ನಾನೂ ಇಲ್ಲ ಗಿನ್ನಾನೂ ಇಲ್ಲ, ಡೇಟ್ ಒಳಗೆ ಕಟ್ಟಿದ್ರೆ ಬಡ್ಡಿ ಇಲ್ಲ, ತಪ್ಪಿದ್ರೆ ಬಡ್ಡಿ ಬೀಳುತ್ತೆ, ಕಟ್ಟು, ಮರುಸಾಲ ನಾನು ಮಾಡಿಸ್ಕೊಡ್ತೀನಿ" ಅಂದ್ರಂತೆ. ಆತ ಹೆಂಡತಿ ಓಲೆ ಜುಮುಕಿ ಗಿರವಿ ಇಟ್ಟು ಕಟ್ಟಿದ. ಹೊಸ ಸಾಲ ಡಿಸಿಸಿ ಬ್ಯಾಂಕಿಂದ, ಅಂದ್ರೆ ಸೊಸೈಟಿಗೆ ದುಡ್ಡು ಕೊಡೋ ಜಿಲ್ಲಾ ಸಹಕಾರ ಬ್ಯಾಂಕಿಂದ, ಇನ್ನೂ ಬಂದಿರಲಿಲ್ಲ, ಅಷ್ಟರಲ್ಲಿ ಮನ್ನಾ ಘೋಷಣೆ ಆಯ್ತು. 20ನೇ ತಾರೀಖು ಅವನ ಖಾತೆಯಲ್ಲಿ ಬಾಕಿ ಸೊನ್ನೆ, ಹಾಗಾಗಿ ಪಟ್ಟಿಯಲ್ಲಿ ಹೆಸರಿಲ್ಲ. ಅದೇ ಪಟ್ಟಿಯಲ್ಲಿ ಊರಿನ ದೊಡ್ಡ ಮನೆಯೊಂದರ ಅಣ್ಣ, ತಮ್ಮ, ಅವರ ಹೆಂಡ್ತೀರು, ನಾಲ್ಕೂ ಹೆಸರು ಇದ್ವು, ಬರೆದಿದ್ದು ಇದೇ ಕೈ, ಎಲ್ಲಾ ನಿಯಮದ ಪ್ರಕಾರವೇ. "ಕಟ್ಟಿದೋನು ಕೆಟ್ಟ ಅಂತ ಸೊಸೈಟಿ ಕಟ್ಟೆ ಮೇಲೆ ಕೂತು ನಗಾಡಿದ್ರು ಮೇಡಮ್. ಆತ ಒಂದು ಮಾತು ಬೈಲಿಲ್ಲ. ನೀವು ಹೇಳಿದ್ರಿ ಅಂತ ಕಟ್ಟಿದೆ ಸೆಕ್ರೆಟ್ರಿ ಅಂದ, ಅಷ್ಟೇ. ಅವತ್ತಿಂದ ಅವನ ಬೀದೀಲಿ ನಾನು ಹೋಗಿಲ್ಲ."

ಎಂಟು ವರ್ಷ. ಸರ್ಕಾರದ ದುಡ್ಡು ಅಂತ ಯಾರಾದ್ರೂ ಟಿವಿಯಲ್ಲಿ ಬಾಯಿ ತೆಗೆದ್ರೆ ಇವರಿಗೆ ಕಾಣಿಸ್ತಾ ಇದ್ದಿದ್ದು ಆ ಜುಮುಕಿ. ಇದರಿಂದ ಅವರ ಸಿಟ್ಟು ಸುಳ್ಳು ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ಓದ್ಬೇಡಿ. ಪ್ರಾಮಾಣಿಕವಾಗಿ ಕಟ್ಟಿದೋನಿಗೆ ನಷ್ಟ ಆಗೋ ಥರ ಒಂದು ಯೋಜನೆ ಮಾಡಿದ್ರೆ ಅದನ್ನ ಪ್ರಶ್ನೆ ಮಾಡ್ಲೇಬೇಕು. ಆದ್ರೆ ಆ ಸಿಟ್ಟಿನೊಳಗೆ ತನ್ನ ಮೇಲಿನ ಸಿಟ್ಟೂ ಸೇರ್ಕೊಂಡಿತ್ತು, ಅದು ಎಷ್ಟು ಕಿರುಚಿದ್ರೂ ಖಾಲಿ ಆಗ್ತಿರಲಿಲ್ಲ.

ಆಮೇಲೆ ನಾನು ಕೊಟ್ಟ ಸಲಹೆ ಹೀಗಿತ್ತು. ಮೊದಲು ಬಿಪಿಗೆ ಡಾಕ್ಟರ್ ಹತ್ರ ಹೋಗಿ, ಮಾತಲ್ಲೇ ಬಿಪಿ ಇಳಿಸೋಕೆ ನನ್ನಿಂದಾಗಲ್ಲ. ಸುದ್ದಿ ಬಿಡಬೇಡಿ, ಬೆಳಿಗ್ಗೆ ಪೇಪರ್ ಪೂರ್ತಿ ಓದಿ, ಆಕಾಶವಾಣಿ ಪ್ರದೇಶ ಸಮಾಚಾರ ಕೇಳಿ, ರಾತ್ರಿ ಚರ್ಚೆ ಮಾತ್ರ ಒಂದು ತಿಂಗಳು ಬೇಡ, ಆ ಹೊತ್ತಲ್ಲಿ ಊಟ ಇಬ್ಬರೂ ಜೊತೆಗೆ ಮಾಡಿ. ಫೋನು ಮಲಗೋ ಕೋಣೆಗೆ ಬೇಡ. ನಿದ್ದೆ ಬಾರದೆ ತೀರಾ ಕಷ್ಟ ಆದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ನೋಟ್‌ಬುಕ್ ಮುಂದುವರಿಸಿ, ಆದ್ರೆ ವಿಧಾನಸೌಧದ ಬದಲು ನಿಮ್ಮ ಬೀದಿಯಿಂದ ಶುರು ಮಾಡಿ. ಅವರ ಮನೆ ಮುಂದೆ 15ನೇ ಹಣಕಾಸು ಆಯೋಗದ ಅನುದಾನದ ಚರಂಡಿ ಒಂದು ಅರ್ಧಕ್ಕೆ ನಿಂತಿತ್ತು, ಬೋರ್ಡಲ್ಲಿ ಕಾಮಗಾರಿ ಪೂರ್ಣ ಅಂತಿತ್ತು. ಮಾಹಿತಿ ಹಕ್ಕು ಅರ್ಜಿ ಹಾಕಿ, ಫೀಸು 10 ರೂಪಾಯಿ, ಒಂದೇ ವಿಷಯ ಇರಲಿ, ನಮ್ಮ ರಾಜ್ಯದ ನಿಯಮದಲ್ಲಿ 150 ಪದದ ಮಿತಿ ಇದೆ, ಎಸ್ಟಿಮೇಟು, ಅಳತೆ ಪುಸ್ತಕ, ಬಿಲ್ಲು ಮೂರರ ನಕಲು ಕೇಳಿ, 30 ದಿನದಲ್ಲಿ ಉತ್ತರ ಬರದಿದ್ರೆ ಮೇಲ್ಮನವಿ. ಗ್ರಾಮಸಭೆಗೆ ಹೋಗಿ, ನೋಟ್‌ಬುಕ್ ತಗೊಂಡೇ ಹೋಗಿ. ಕೊನೇದಾಗಿ, ಆ ರೈತನ ಮನೆಗೆ ಹೋಗಿ. ಕ್ಷಮೆ ಕೇಳಲೇಬೇಕು ಅಂತಿಲ್ಲ, ಹೋಗಿ ಕೂತು ಬನ್ನಿ.

ಕೊನೇದಕ್ಕೆ ಐದು ತಿಂಗಳು ತಗೊಂಡ್ರು. ಮಿಕ್ಕಿದ್ದು ಬೇಗ ಆಯ್ತು, ಮಧ್ಯೆ ಎರಡು ಸಲ ಚರ್ಚೆ ನೋಡಿ ಮತ್ತೆ ಕೂಗಾಡಿದ್ದೂ ಆಯ್ತು, ಹೆಂಡತಿ ಎದ್ದು ಟಿವಿ ಆಫ್ ಮಾಡಿದ್ರಂತೆ, ಇವರು ಸುಮ್ಮನಾದ್ರಂತೆ. ಒಂದಿನ ಗೃಹಲಕ್ಷ್ಮಿ ದುಡ್ಡಲ್ಲಿ ಮಾತ್ರೆ ತಂದಾಗ ಆ ರಸೀದಿಯನ್ನ ನೋಟ್‌ಬುಕ್ಕಿಗೆ ಅಂಟಿಸಿ ಜಮಾ ಕಡೆ ಹೆಂಡತಿ ಹೆಸರು ಬರೆದಿದ್ರು. ಆಯಮ್ಮ ಅದನ್ನ ಫೋನಲ್ಲಿ ಫೋಟೋ ತೆಗೆದು ನನಗೆ ತೋರಿಸಿದ್ರು, ಏನೂ ಹೇಳಲಿಲ್ಲ.

ಅಕ್ಟೋಬರ್‌ನಲ್ಲಿ ಆ ರೈತ ಮೆಕ್ಕೆಜೋಳ ಒಣಗಿಸ್ತಾ ಇದ್ದಾಗ ಹೋದ್ರಂತೆ. ಆತ ಕುಂಟೆ ಪಕ್ಕಕ್ಕಿಟ್ಟು "ಓಲೆ ಎರಡೇ ವರ್ಷಕ್ಕೆ ಬಿಡಿಸ್ಕೊಂಡ್ವಿ ಸೆಕ್ರೆಟ್ರಿ, ನೀವ್ಯಾಕೆ ಈ ಕಡೆ ಬರೋದೇ ಬಿಟ್ರಿ ಅಂತ ನಮ್ಮನೇಲಿ ಕೇಳ್ತಿದ್ಲು" ಅಂದ್ನಂತೆ. ಇವರಿಗೆ ಮಾತೇ ಹೊರಡಲಿಲ್ಲ. ಟೀ ಕುಡಿದು, ಜೋಳಕ್ಕೆ ಟಾರ್ಪಲ್ ಮುಚ್ಚೋಕೆ ಕೈ ಹಾಕಿ ಬಂದ್ರಂತೆ.

ಚರಂಡಿ ಅರ್ಜಿಗೆ 30 ದಿನ ಆದ್ರೂ ಉತ್ತರ ಬಂದಿಲ್ಲ. ಮೊದಲ ಮೇಲ್ಮನವಿ ಬರೆದು ತಂದು ತೋರಿಸಿದ್ರು, ಅಕ್ಷರ ಅದೇ ಲೆಡ್ಜರ್ ಅಕ್ಷರ. ಗ್ರಾಮಸಭೆ ಮುಂದಿನ ವಾರ ಇದೆ, ಆ ರೈತನೂ ಜೊತೆಗೆ ಬರ್ತೀನಿ ಅಂದಿದಾನಂತೆ.