ಇಂಬಳಕ್ಕೆ ಉಪ್ಪು ಹಾಕಬೇಕಾ? ಮಳೆಗಾಲದ ಹೊಸ್ತಿಲಲ್ಲಿ ಮಲೆನಾಡಿನ ಓದುಗರ ಪ್ರಶ್ನೆಗಳು

ಮೇ ತಿಂಗಳು ಮುಗಿಯುತ್ತಾ ಬಂದರೆ ನನಗೆ ಬರುವ ಪ್ರಶ್ನೆಗಳೂ ಮಳೆಯ ಕಡೆಗೆ ತಿರುಗುತ್ತವೆ. ನಾನು ಶಿವಮೊಗ್ಗದಲ್ಲಿ ಜೀವಶಾಸ್ತ್ರ ಕಲಿಸಿದವನು. ಊರಲ್ಲಿ ಒಂದಿಷ್ಟು ಅಡಿಕೆ ತೋಟವೂ ಇದೆ. ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಒಂದೇ ದಾರಿಯಲ್ಲಿವೆ: "ಮನೆಯ ಹಿರಿಯರು ಹೀಗೆ ಮಾಡುತ್ತಿದ್ದರು, ಅದು ಸರಿಯಾ?" ಕೆಲವು ಪೂರ್ತಿ ಸರಿ. ಕೆಲವು ಅರ್ಧ ಸರಿ. ಒಂದೆರಡನ್ನು ಬಿಡಲೇಬೇಕು.

ಪ್ರಶ್ನೆ: ಇಂಬಳ (ನೆಲದ ಜಿಗಣೆ) ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಬಿದ್ದು ಹೋದ ಮೇಲೂ ರಕ್ತ ನಿಲ್ಲುವುದಿಲ್ಲ. ಯಾಕೆ? ನಮ್ಮ ಅಜ್ಜಿ ಉಪ್ಪು ಹಾಕುತ್ತಾರೆ. ಮಕ್ಕಳ ಕಾಲಿಗೆ ಹೊಗೆಸೊಪ್ಪಿನ ನೀರನ್ನೂ ಹಚ್ಚುತ್ತಾರೆ. ಹೀಗೆ ಮಾಡಬಹುದಾ? (ತೀರ್ಥಹಳ್ಳಿ ಕಡೆಯ ಒಬ್ಬ ತಾಯಿ)

ಇಂಬಳಕ್ಕೆ ಮೈಯ ಎರಡೂ ತುದಿಯಲ್ಲಿ ಹೀರುಬಟ್ಟಲು ಇರುತ್ತದೆ. ದಪ್ಪ ತುದಿಯದು ಹಿಡಿದುಕೊಳ್ಳುವುದಕ್ಕೆ. ಸಣ್ಣ ತುದಿಯಲ್ಲಿ ಬಾಯಿ. ನಮ್ಮ ಕಾಡಿನ ಇಂಬಳಗಳಿಗೆ ಆ ಬಾಯಿಯೊಳಗೆ ಮೂರು ದವಡೆಗಳಿವೆ. ಪ್ರತಿ ದವಡೆಯ ಅಂಚಿನಲ್ಲೂ ಗರಗಸದ ಹಾಗೆ ಸಣ್ಣ ಹಲ್ಲಿನ ಸಾಲು. ನಾವು ನಡೆಯುವಾಗ ನೆಲ ಅದುರುವುದು, ನಮ್ಮ ಉಸಿರು, ಮೈ ಬಿಸಿ, ಇವೆಲ್ಲ ಅದಕ್ಕೆ ತಿಳಿಯುತ್ತವೆ. ಕಾಲುದಾರಿಯ ಹುಲ್ಲಿನ ತುದಿಯಲ್ಲಿ ಎದ್ದು ನಿಂತು ಅತ್ತಿತ್ತ ತೂಗುತ್ತಿರುತ್ತದಲ್ಲ, ಅದು ನಮ್ಮನ್ನು ಹುಡುಕುತ್ತಿರುವ ರೀತಿ.

ಗಾಯ ತುಂಬಾ ಸಣ್ಣದು. ಇಂಬಳ ಕಚ್ಚುವಾಗ ಜೊಲ್ಲನ್ನೂ ಒಳಗೆ ಬಿಡುತ್ತದೆ. ಉರಿ, ಊತ ತಕ್ಷಣ ಶುರುವಾಗದಂತೆ ತಡೆಯುವ ವಸ್ತುಗಳು ಆ ಜೊಲ್ಲಿನಲ್ಲಿವೆ. ಹಾಗಾಗಿಯೇ ಮನೆಗೆ ಬಂದು ಕಾಲು ತೊಳೆಯುವವರೆಗೂ ಎಷ್ಟೋ ಸಲ ಗೊತ್ತಾಗುವುದಿಲ್ಲ.

ಇನ್ನು ರಕ್ತದ ವಿಷಯ. ಗಾಯ ಆದಾಗ ನಮ್ಮ ರಕ್ತ ಹೆಪ್ಪುಗಟ್ಟಲು ಥ್ರಾಂಬಿನ್ ಎಂಬ ಕಿಣ್ವ ಬೇಕು. ಇಂಬಳದ ಜೊಲ್ಲು ಆ ಥ್ರಾಂಬಿನ್ನನ್ನೇ ಹಿಡಿದು ಕಟ್ಟಿಹಾಕುತ್ತದೆ. ಔಷಧಕ್ಕೆ ಬಳಸುವ ನೀರಿನ ಜಿಗಣೆಯಲ್ಲಿ ಇಂಥ ವಸ್ತು ಇದೆ ಎಂದು 1884ರಲ್ಲಿ ಬ್ರಿಟನ್ನಿನ ವಿಜ್ಞಾನಿ ಜಾನ್ ಹೇಕ್ರಾಫ್ಟ್ ತೋರಿಸಿದರು. 1950ರ ದಶಕದಲ್ಲಿ ಜರ್ಮನಿಯ ಫ್ರಿಟ್ಜ್ ಮಾರ್ಕ್‌ವರ್ಟ್ ಅದನ್ನು ಬೇರ್ಪಡಿಸಿದರು. ಅದರ ಹೆಸರು ಹಿರುಡಿನ್. ನೆಲದ ಇಂಬಳದಲ್ಲೂ ಅದೇ ಕೆಲಸ ಮಾಡುವ ಹೀಮಾಡಿನ್ ಎಂಬ ವಸ್ತು ಸಿಕ್ಕಿದೆ. ಹಿರುಡಿನ್ ಮಾದರಿಯಲ್ಲೇ ತಯಾರಿಸಿದ ಬೈವಲಿರುಡಿನ್ ಎಂಬ ಔಷಧವನ್ನು ಇವತ್ತು ಹೃದಯದ ಆಂಜಿಯೋಪ್ಲಾಸ್ಟಿ ಮಾಡುವಾಗ ರಕ್ತ ಹೆಪ್ಪುಗಟ್ಟದಂತೆ ಕೊಡುತ್ತಾರೆ. ನಾವು ಶಾಪ ಹಾಕುತ್ತಾ ಕಿತ್ತೆಸೆಯುವ ಜೀವಿಯ ಜಾತಿಯಿಂದಲೇ ಇದು ಬಂದಿದೆ ಎನ್ನುವುದು ನನಗೆ ಪ್ರತಿ ಮಳೆಗಾಲದಲ್ಲೂ ನೆನಪಾಗುತ್ತದೆ.

ಇಂಬಳ ಬಿದ್ದು ಹೋದರೂ ಅದರ ಜೊಲ್ಲು ಗಾಯದಲ್ಲಿ ಉಳಿದಿರುತ್ತದೆ. ಅದಕ್ಕೇ ಒಂದೆರಡು ಗಂಟೆ ರಕ್ತ ಒಸರುವುದು ಮಾಮೂಲು. ಬಟ್ಟೆಯೆಲ್ಲ ಕೆಂಪಾದರೂ ಹೋದ ರಕ್ತ ಸ್ವಲ್ಪವೇ. ಹೆದರಬೇಡಿ. ಸೋಪು ಹಾಕಿ ತೊಳೆದು, ಚೊಕ್ಕ ಬಟ್ಟೆಯನ್ನು ಹತ್ತು ಹದಿನೈದು ನಿಮಿಷ ಒತ್ತಿ ಹಿಡಿಯಿರಿ. ನಡುನಡುವೆ ತೆಗೆದು ನೋಡಬೇಡಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗೆ ನಿಲ್ಲುವುದು ಇನ್ನೂ ತಡವಾಗುತ್ತದೆ. ಅವರು ಡಾಕ್ಟರಿಗೆ ತೋರಿಸುವುದು ಒಳ್ಳೆಯದು.

ಉಪ್ಪು ಹಾಕಿದರೆ ಇಂಬಳ ಬೀಳುವುದು ನಿಜ. ಉಪ್ಪು ಅದರ ತೆಳು ಚರ್ಮದೊಳಗಿನ ನೀರನ್ನು ಹೊರಗೆ ಎಳೆಯುತ್ತದೆ. ಆದರೆ ಆ ಒದ್ದಾಟದಲ್ಲಿ ಹೊಟ್ಟೆಯಲ್ಲಿದ್ದದ್ದನ್ನು ನಮ್ಮ ಗಾಯದೊಳಗೇ ಕಕ್ಕಬಹುದು. ಬೆಂಕಿ ತಾಗಿಸಿದರೂ ಹಾಗೇ. ಗಾಯ ಕೀವಾಗಲು ಅದೂ ಒಂದು ದಾರಿ. ಅದರ ಬದಲು ಬೆರಳಿನ ಉಗುರನ್ನು ಮೊದಲು ಸಣ್ಣ ತುದಿಯ ಕೆಳಗೆ, ಚರ್ಮಕ್ಕೆ ಒತ್ತಿ, ಪಕ್ಕಕ್ಕೆ ಜಾರಿಸಿ. ಬಾಯಿ ಬಿಡುತ್ತದೆ. ಆಮೇಲೆ ದಪ್ಪ ತುದಿಯನ್ನೂ ಹಾಗೇ ಬಿಡಿಸಿ ದೂರ ಎಸೆಯಿರಿ. ಉಪ್ಪನ್ನು ನೆಲಕ್ಕೆ ಬಿದ್ದ ಇಂಬಳಕ್ಕೆ ಇಟ್ಟುಕೊಳ್ಳಲಿ ಎಂದು ಅಜ್ಜಿಗೆ ಹೇಳಿ.

ಹೊಗೆಸೊಪ್ಪಿನ ನೀರು ಮಾತ್ರ ಬೇಡವೇ ಬೇಡ. ಅದರಲ್ಲಿರುವ ನಿಕೋಟಿನ್ ಇಂಬಳಕ್ಕೆ ವಿಷ, ಸರಿ. ಆದರೆ ಅದು ಚರ್ಮದ ಮೂಲಕ ಮಕ್ಕಳ ಮೈಯೊಳಗೂ ಇಳಿಯುತ್ತದೆ. ವಾಂತಿ, ತಲೆಸುತ್ತು ಬರಬಹುದು. ಒತ್ತಾಗಿ ನೇಯ್ದ ಉದ್ದ ಕಾಲುಚೀಲ ಹಾಕಿ, ಪ್ಯಾಂಟಿನ ತುದಿಯನ್ನು ಅದರೊಳಗೆ ಸಿಕ್ಕಿಸಿ ಕಳಿಸಿ. ಇಂಬಳ ಕಚ್ಚಿದ ಜಾಗ ಆಮೇಲೆ ಎರಡು ಮೂರು ದಿನ ತುರಿಸುತ್ತದೆ. ಕೆರೆಯಬಾರದು. ಮಳೆಗಾಲದಲ್ಲಿ ಕೆರೆದ ಗಾಯ ಬೇಗ ಹುಣ್ಣಾಗುತ್ತದೆ.

ಪ್ರಶ್ನೆ: ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆ ಎಲ್ಲಿಂದ ಬರುತ್ತದೆ? (ಸಾಗರದ ಹೈಸ್ಕೂಲ್ ವಿದ್ಯಾರ್ಥಿನಿ)

ಅದು ಮಣ್ಣಿನಲ್ಲಿರುವ ಜೀವಿಗಳ ವಾಸನೆ ಕಣಮ್ಮಾ. ಸ್ಟ್ರೆಪ್ಟೊಮೈಸಿಸ್ ಜಾತಿಯ ಬ್ಯಾಕ್ಟೀರಿಯಾಗಳು ಜಿಯೋಸ್ಮಿನ್ ಎಂಬ ವಸ್ತುವನ್ನು ಮಾಡುತ್ತವೆ. ಒಣ ಮಣ್ಣಿನ ಮೇಲೆ ಹನಿ ಬಿದ್ದಾಗ ಅದರಡಿ ಸಣ್ಣ ಗಾಳಿಗುಳ್ಳೆಗಳು ಸಿಕ್ಕಿಕೊಳ್ಳುತ್ತವೆ. ಅವು ಮೇಲೆದ್ದು ಒಡೆದಾಗ ವಾಸನೆ ಹೊತ್ತ ತುಂತುರು ಗಾಳಿಗೆ ಸೇರುತ್ತದೆ. ಹದವಾದ ಮಳೆಗೆ ಘಮ್ಮೆನ್ನುತ್ತದೆ, ಧಾರಾಕಾರ ಸುರಿದರೆ ಅಷ್ಟು ಬರುವುದಿಲ್ಲ ಅಲ್ವಾ? ಜೋರಾದ ಹನಿಗೆ ಗುಳ್ಳೆ ಏಳುವುದು ಕಡಿಮೆ, ಅದಕ್ಕೆ. ಬೇಸಿಗೆಯಲ್ಲಿ ಗಿಡಗಳಿಂದ ಹೊರಟು ಕಲ್ಲು ಮಣ್ಣಿಗೆ ಅಂಟಿದ ಎಣ್ಣೆಗಳೂ ಈ ವಾಸನೆಯಲ್ಲಿ ಸೇರಿವೆ. 1964ರಲ್ಲಿ ಆಸ್ಟ್ರೇಲಿಯಾದ ಇಸಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್ ಇದಕ್ಕೆ ಪೆಟ್ರಿಕೋರ್ ಎಂದು ಹೆಸರಿಟ್ಟರು. ಮನೆಯಲ್ಲಿ ಬೀಟ್‌ರೂಟ್ ಹೆಚ್ಚುವಾಗ ಮೂಸಿ ನೋಡು. ಅದರಲ್ಲೂ ಜಿಯೋಸ್ಮಿನ್ ಇದೆ.

ಪ್ರಶ್ನೆ: ಫೆಬ್ರವರಿಯಲ್ಲಿ ನಮ್ಮ ಸೊಪ್ಪಿನಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ) ಒಂದು ಮಂಗ ಸತ್ತು ಬಿದ್ದಿತ್ತು. ಮನೆಯವರು ಹೂತು ಹಾಕಿದರು. ಮಂಗನ ಕಾಯಿಲೆ ಮಂಗದಿಂದ ಬರುತ್ತದಾ? ಈಗ ಮಳೆ ಬಂತಲ್ಲ, ಭಯ ಇಲ್ಲವಾ? (ಹೊಸನಗರ ತಾಲ್ಲೂಕಿನ ಕೃಷಿಕರು)

ಹೆಸರು ನಮ್ಮನ್ನು ದಾರಿ ತಪ್ಪಿಸುತ್ತದೆ. ಕಾಯಿಲೆ ತರುವುದು ಒಂದು ವೈರಸ್. ಅದನ್ನು ನಮಗೆ ದಾಟಿಸುವುದು ಉಣುಗು, ಅಂದರೆ ರಕ್ತ ಹೀರುವ ಉಣ್ಣೆ. ಮಂಗವೂ ನಮ್ಮ ಹಾಗೇ ಕಾಯಿಲೆ ಬಿದ್ದು ಸಾಯುವ ಜೀವಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಜನರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದಾಗ ಹೊಸ ವೈರಸ್ಸೇ ಸಿಕ್ಕಿತು. ಇಡೀ ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಇವತ್ತಿಗೂ ಅದರ ಹೆಸರು ಕ್ಯಾಸನೂರು ಕಾಡಿನ ಕಾಯಿಲೆ ಎಂದೇ ಇದೆ.

ಮುಸಿಯವೋ (ಕಪ್ಪು ಮುಖದ ಮಂಗ) ಕೆಂಪು ಮಂಗವೋ ಸತ್ತರೆ ಅದರ ಮೈ ತಣ್ಣಗಾಗುತ್ತದೆ. ಮೈಮೇಲಿದ್ದ ಉಣುಗುಗಳು ಇಳಿದು ಅಲ್ಲೇ ಸುತ್ತಮುತ್ತ ಸೇರಿಕೊಳ್ಳುತ್ತವೆ. ಆಮೇಲೆ ಅಲ್ಲಿಗೆ ದರಗು (ಒಣ ಎಲೆ) ಗುಡಿಸಲು, ಸೌದೆ ತರಲು ಹೋದವರಿಗೆ ಹತ್ತುತ್ತವೆ. ಕಾಯಿಲೆಯನ್ನು ಜಾಸ್ತಿ ಹರಡುವುದು ಮರಿ ಉಣುಗು. ಅದು ಎಳ್ಳಿನ ಕಾಳಿಗಿಂತ ಚಿಕ್ಕದು, ಕಣ್ಣಿಗೆ ಬೀಳುವುದೇ ಕಷ್ಟ. ಮಳೆಗಾಲ ಮುಗಿದು ಎಲೆ ಒಣಗುವ ಹೊತ್ತಿಗೆ ಈ ಮರಿಗಳ ಸಂಖ್ಯೆ ಏರುತ್ತದೆ. ಹಾಗಾಗಿ ಡಿಸೆಂಬರಿನಿಂದ ಮೇವರೆಗೆ ಎಚ್ಚರ ಬೇಕು. ಜಡಿಮಳೆ ಹಿಡಿದ ಮೇಲೆ ಭಯ ತುಂಬಾ ಕಡಿಮೆ. ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ಇದು ದಾಟುವುದಿಲ್ಲ. ಕಾಯಿಲೆ ಬಂದ ಮನೆಯನ್ನು ದೂರ ಇಡುವುದು ಅನ್ಯಾಯ.

ನಿಮ್ಮ ಮನೆಯವರು ಹೂತದ್ದು ಒಳ್ಳೆಯ ಮನಸ್ಸಿನಿಂದಲೇ. ಆದರೆ ಇನ್ನು ಮುಂದೆ ಮುಟ್ಟಬೇಡಿ, ಹತ್ತಿರವೂ ಹೋಗಬೇಡಿ. ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಕ್ಷಣ ಹೇಳಿ. ಅವರು ಪರೀಕ್ಷೆಗೆ ಮಾದರಿ ತೆಗೆಸಿ, ಸುತ್ತ ಉಣುಗು ಸಾಯುವ ಪುಡಿ ಹಾಕಿಸುತ್ತಾರೆ. ಆ ಒಂದು ಸುದ್ದಿಯಿಂದ ಇಡೀ ಊರಿಗೆ ಮುನ್ನೆಚ್ಚರಿಕೆ ಸಿಗುತ್ತದೆ. ಬೆಟ್ಟಕ್ಕೆ ಹೋಗುವಾಗ ಮೈ ತುಂಬಾ ಬಟ್ಟೆ ಹಾಕಿ, ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿಕೊಳ್ಳಿ. ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಕಾಡಿಗೆ ಹೋಗಿ ಬಂದ ಒಂದು ವಾರದೊಳಗೆ ಏಕಾಏಕಿ ಜ್ವರ, ವಿಪರೀತ ತಲೆನೋವು, ಸೊಂಟ ನೋವು ಬಂದರೆ ಅಂಗಡಿಯ ನೋವಿನ ಮಾತ್ರೆ ನುಂಗಿ ಸುಮ್ನೆ ಮಲಗಬೇಡಿ. ಈ ಕಾಯಿಲೆಯಲ್ಲಿ ರಕ್ತಸ್ರಾವ ಆಗಬಹುದು, ಕೆಲವು ನೋವಿನ ಮಾತ್ರೆಗಳು ಅದನ್ನು ಹೆಚ್ಚಿಸುತ್ತವೆ. ನೇರ ಆಸ್ಪತ್ರೆಗೆ ಹೋಗಿ, ಬೆಟ್ಟಕ್ಕೆ ಹೋಗಿದ್ದನ್ನು ಮರೆಯದೆ ಹೇಳಿ.

ಪ್ರಶ್ನೆ: ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಸೇರಿಸಿದ ಔಷಧಿ) ಕಲಸಿದ ಮೇಲೆ ನಮ್ಮ ಕೊನೆಗಾರರು (ಅಡಿಕೆ ಮರ ಹತ್ತಿ ಕೆಲಸ ಮಾಡುವವರು) ಕತ್ತಿಯನ್ನು ಅದರಲ್ಲಿ ಅದ್ದಿ ನೋಡುತ್ತಾರೆ. ಏನು ನೋಡುವುದು ಅವರು? (ಕೊಪ್ಪದ ಓದುಗರು)

ಈ ಪ್ರಶ್ನೆ ಓದಿ ಖುಷಿಯಾಯಿತು. ನಿಮ್ಮ ಕೊನೆಗಾರರು ಮಾಡುತ್ತಿರುವುದು ಅಚ್ಚುಕಟ್ಟಾದ ರಸಾಯನಶಾಸ್ತ್ರದ ಪರೀಕ್ಷೆ.

ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್. ಅದೊಂದನ್ನೇ ಹೊಡೆದರೆ ಎಳೆ ಅಡಿಕೆ ಸುಟ್ಟು ಹೋಗುತ್ತದೆ. ಸುಣ್ಣ ಸೇರಿದಾಗ ತಾಮ್ರ ನೀರಿನಲ್ಲಿ ಕರಗದ ತಿಳಿನೀಲಿ ಅಂಟಾಗುತ್ತದೆ. ಆ ಅಂಟು ಅಡಿಕೆ ಕೊನೆಗೆ (ಗೊನೆಗೆ) ಹಿಡಿದುಕೊಂಡು ಸ್ವಲ್ಪ ಸ್ವಲ್ಪವೇ ತಾಮ್ರ ಬಿಡುತ್ತದೆ. ಸುಣ್ಣ ಕಡಿಮೆಯಾದರೆ ಕರಗಿದ ತಾಮ್ರ ನೀರಿನಲ್ಲೇ ಉಳಿಯುತ್ತದೆ. ಅದರಲ್ಲಿ ಕಬ್ಬಿಣ ಅದ್ದಿದರೆ ಕಬ್ಬಿಣ ತಾನು ಕರಗಿ, ತಾಮ್ರವನ್ನು ಹೊರಗೆ ತಳ್ಳುತ್ತದೆ. ಕತ್ತಿಯ ಮೇಲೆ ಕೆಂಪು ಲೇಪ ಕೂರುತ್ತದೆ. ಹಾಗೆ ಕಂಡರೆ ಇನ್ನಷ್ಟು ಸುಣ್ಣದ ನೀರು ಬೇಕು ಎಂದರ್ಥ. ಲೇಪ ಕಾಣದಿದ್ದರೆ ಹೊಡೆಯಬಹುದು. ಕತ್ತಿ ತುಕ್ಕಿಲ್ಲದೆ ಹೊಳೆಯುವಂತಿರಬೇಕು. ಅಡುಗೆಮನೆಯ ಸ್ಟೀಲ್ ಚಾಕು ಈ ಪರೀಕ್ಷೆಗೆ ಬರುವುದಿಲ್ಲ. ಕಬ್ಬಿಣದ ಡ್ರಮ್ಮಿನಲ್ಲಿ ಮೈಲುತುತ್ತ ಕರಗಿಸಬಾರದು ಎನ್ನುವುದಕ್ಕೂ ಇದೇ ಕಾರಣ.

ಫ್ರಾನ್ಸಿನ ದ್ರಾಕ್ಷಿ ತೋಟಗಳಿಗಾಗಿ ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ಪ್ರಕಟಿಸಿದ ಮದ್ದು ಇದು. ಅದು ಇಲ್ಲಿಗೆ ಬರುವವರೆಗೆ ನಮ್ಮವರು ಕೊನೆಗೆ ಕೊಟ್ಟೆ (ಹೊದಿಕೆ) ಕಟ್ಟಿ ಮಳೆ ತಾಗದಂತೆ ಕಾಯುತ್ತಿದ್ದರು. ಮೈಸೂರು ಸಂಸ್ಥಾನದಲ್ಲಿ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಕೊಟ್ಟರು, ಬೋರ್ಡೋವನ್ನು ತೋಟಗಳಿಗೆ ತಂದರು. ಕೊಳೆಗೆ ಕಾರಣವಾದ ಫೈಟಾಫ್ತೊರ ಎಂಬ ಜೀವಿಯ ಬೀಜಾಣುಗಳು ನೀರಿನ ಪೊರೆಯಲ್ಲಿ ಈಜಿಕೊಂಡು ಕಾಯಿಯಿಂದ ಕಾಯಿಗೆ ಹೋಗುತ್ತವೆ. ತಾಮ್ರ ಅವನ್ನು ಕಾಯಿಯ ಹೊರಗೇ ಕೊಲ್ಲುತ್ತದೆ. ಒಳಗೆ ಹೊಕ್ಕ ಕೊಳೆಯನ್ನು ಅದು ವಾಸಿ ಮಾಡಲಾರದು. ಹಾಗಾಗಿ ಮೊದಲ ಔಷಧಿ ಮಳೆ ಹಿಡಿಯುವ ಮುಂಚೆಯೇ ಆಗಬೇಕು. ಎರಡನೆಯದು 40ರಿಂದ 45 ದಿನದ ನಂತರ, ಮಳೆ ಬಿಡುವು ಕೊಟ್ಟಾಗ.

ಅಳತೆ ನಿಮಗೆ ಗೊತ್ತೇ ಇರುತ್ತದೆ: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಿ. ಕಲಸಿದ್ದನ್ನು ಅವತ್ತೇ ಹೊಡೆದು ಮುಗಿಸಿ. ರಾತ್ರಿ ಇಟ್ಟರೆ ಆ ನೀಲಿ ಅಂಟು ಹರಳುಗಟ್ಟಿ ತಳಕ್ಕೆ ಕೂರುತ್ತದೆ, ಮರುದಿನ ಹೊಡೆದರೆ ಕೊನೆಗೆ ಹಿಡಿಯುವುದಿಲ್ಲ.